ಹದಿನೇಳು ಗೋಸುಂಬೆ ಮರಿ, ಒಂದು ಮೀಸೆ

ಕೆಲವರ ಮನೆಗೆ ನೆಂಟರು ಬರ್ತಾರೆ, ಕೆಲವರ ಮನೆಗೆ ಕೊರಿಯರ್ ಬರುತ್ತೆ. ನಮ್ಮ ಮನೆಗೆ ಮಾತ್ರ ನಗೆಪಾಟಲುಗಳೇ ಬರೋದು. ಅದೂ ಹೇಳದೆ ಕೇಳದೆ, ಬಾಗಿಲಲ್ಲಿ ಚಪ್ಪಲಿ ಬಿಡದೆ.

ನಮ್ಮೂರು ಮಾಗಡಿ ತಾಲೂಕು, ಕಲ್ಯಕ್ಕೆ ಹತ್ತಿರ. ನಮ್ಮದು ರೇಷ್ಮೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ, ಯಾಕೆಂದರೆ ಬೇರೆ ಯಾರೂ ಹೇಳೋದಿಲ್ಲ: ಮೊಟ್ಟೆ ಒಡೆಸಿ ಹುಳ ಸಾಕೋದರಲ್ಲಿ ನನ್ನ ಮುಂದೆ ನಿಲ್ಲೋ ಗಂಡು ಈ ಸುತ್ತಮುತ್ತ ಹುಟ್ಟಿಲ್ಲ. ಈಗ ಎಲ್ಲರೂ ಯಾರೋ ಸಾಕಿದ ಮರಿ ಹುಳಗಳನ್ನ ತಟ್ಟೆ ಸಮೇತ ತಂದು ಸುಖವಾಗಿದ್ದಾರೆ. ನಾನು ಮೊಟ್ಟೆಯನ್ನೇ ತಂದು, ಮನೆಯ ಚಾಕಿ ರೂಮಿನಲ್ಲಿ, ಅಂದರೆ ಮರಿ ಹುಳದ ಕೋಣೆಯಲ್ಲಿ ಒಡೆಸಿ, ಇರುವೆಯಷ್ಟಿರೋ ಮರಿಗಳಿಗೆ ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ ಬೆಳೆಸೋನು. ಇದು ನನ್ನ ಮೊದಲನೇ ಆಸ್ತಿ. ಎರಡನೇ ಆಸ್ತಿ ನನ್ನ ಮೀಸೆ. ಎರಡೂ ತುದಿ ಮೇಲಕ್ಕೆ ತಿರುವಿದ್ದು, ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಕಂಡಿದ್ದು. ಈ ಎರಡು ಆಸ್ತಿಗಳ ಮಧ್ಯೆ ಗೋಸುಂಬೆ ಬಂದು ನಿಂತಿದ್ದರಿಂದ ಏನೇನಾಯ್ತು ಅಂತ ಕೇಳಿ.

ಪಣ

ದೀಪಾವಳಿಗೆ ಒಸಿ ಮುಂಚೆ ನಮ್ಮ ಸೊಪ್ಪಿನ ತೋಟದ ಬೇಲಿ ಪಕ್ಕ ಒಂದು ದೊಡ್ಡ ಹೆಣ್ಣು ಗೋಸುಂಬೆ ನೆಲ ಕೆರೆಯೋದನ್ನ ಕಂಡೆ. ಗುಂಡಿ ತೋಡಿ, ಹಿಂದು ಹಿಂದಕ್ಕೆ ಇಳಿದು, ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಕಾಲಲ್ಲಿ ತುಳಿದು, ನಮ್ಮ ಕಡೆ ತಿರುಗಿಯೂ ನೋಡದೆ ಹೊರಟುಹೋಯ್ತು. ನಾನು ಗುರುತಿಗೆ ಒಂದು ಕಲ್ಲು ಇಟ್ಟೆ. ಆಮೇಲೆ ನಮ್ಮಪ್ಪ ಡ್ರಿಪ್ ಪೈಪಿಗೆ ಕಾಲುವೆ ಹೊಡೆಯೋಕೆ ಬಂದರು. ಕಾಲುವೆ ಸರಿಯಾಗಿ ಆ ಕಲ್ಲಿನ ಮೇಲೇ ಹಾಯಬೇಕು. ನಮ್ಮಪ್ಪ ಮಾತಾಡೋ ಮನುಷ್ಯ ಅಲ್ಲ, ಗುದ್ದಲಿ ಎತ್ತೋ ಮನುಷ್ಯ. ಎತ್ತೋಕೆ ಮುಂಚೆ ಮೊಟ್ಟೆಗಳನ್ನ ಮಣ್ಣಿನ ಸಮೇತ, ಮೇಲು ಕೆಳಗು ಆಗದಂತೆ, ಊಟದ ಡಬ್ಬಿಗೆ ತುಂಬಿಕೊಂಡೆ.

ಮನೆಗೆ ಹೋಗೋ ದಾರಿಯಲ್ಲಿ ಸಲೂನು. ಸಲೂನಿನ ಅಣ್ಣ ಅಂದರೆ ನಮ್ಮೂರಿನ ಟಿ.ವಿ. ಚಾನಲ್ ಇದ್ದಂಗೆ. ಕನ್ನಡಿಯಲ್ಲೇ ನನ್ನ ಡಬ್ಬಿ ನೋಡಿದ.

"ಡಬ್ಬೀಲೇನ್ಲಾ ಅದು?"

"ಗೋಸುಂಬೆ ಮೊಟ್ಟೆ ಕಣಣ್ಣ. ಮನೇಲಿಟ್ಟು ಮರಿ ಮಾಡುಸ್ತೀನಿ."

"ಕಾವಿಗೆ ಕೋಳಿ ಕೂರುಸ್ತೀಯಾ, ಇಲ್ಲ ನೀನೇ ಕೂರ್ತೀಯಾ?"

ಕ್ಷೌರಕ್ಕೆ ಕೂತಿದ್ದೋನು, ಕಾಯ್ತಾ ಇದ್ದೋರು, ಸುಮ್ಮನೆ ಪೇಪರ್ ಓದೋಕೆ ಬಂದಿದ್ದೋರು ಎಲ್ಲ ನಕ್ಕರು. ನನಗೆ ರೇಗಿತು. ನನ್ನ ಕೈಗೆ ಬಂದ ಮೊಟ್ಟೆ ಒಡೆಯಲ್ಲ ಅಂದರೆ ಏನರ್ಥ?

"ನೋಡಣ್ಣ, ಯುಗಾದಿ ಒಳಗೆ ಒಂದಾದ್ರೂ ಮರಿ ಆಚೆ ಬರ್ದೇ ಹೋದ್ರೆ, ಈ ಮೀಸೆ ನಿನ್ನ ಕತ್ತಿಗೆ!"

ಸಲೂನಿನ ಅಣ್ಣ ಕೂತಿದ್ದೋನ ಗಲ್ಲದ ಮೇಲೆ ಅರ್ಧ ಸೋಪು ಹಾಗೇ ಬಿಟ್ಟು ಬಂದು, ನನ್ನ ಮೀಸೆಯನ್ನ ಎರಡು ಬೆರಳಲ್ಲಿ ಹಿಡಿದು ನೋಡಿದ. ಸಂತೆಯಲ್ಲಿ ಕುರಿ ಬಾಲ ಹಿಡಿದು ನೋಡೋ ಹಾಗೆ. "ಒಳ್ಳೆ ಮಾಲು. ಪುಕ್ಕಟೆ ತೆಗ್ದುಕೊಡ್ತೀನಿ" ಅಂದ.

ಮನೆಗೆ ಹೋಗೋ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಅವ್ವ ಬಾಗಿಲಲ್ಲೇ ಹಿಡಕೊಂಡಳು. "ಬೇಸಾಯ ಮಾಡೋ ಗಂಡಿಗೆ ಹೆಣ್ಣು ಕೊಡೋರೇ ಇಲ್ಲ ಈ ಕಾಲದಲ್ಲಿ. ಕನಕಪುರದ ಕಡೆಯಿಂದ ಎಂಗೋ ಒಂದು ಸಂಬಂಧ ಬಂದೈತೆ. ಯುಗಾದಿ ಕಳೀಲಿ, ಮನೆ ನೋಡೋಕೆ ಬತ್ತೀವಿ ಅಂದವ್ರೆ. ಅವರ ಮುಂದೆ ಬೋಳು ಮುಖ ಹೊತ್ಕೊಂಡು ಕೂತ್ಕೊಂಡೀಯಾ? ನಿನ್ನಲ್ಲಿ ನೋಡೋಹಂಗಿರೋದು ಅದೊಂದೇ ಕಣ್ಲಾ!"

ಹೆತ್ತ ತಾಯಿ ಬಾಯಲ್ಲಿ ಇಂಥ ಮಾತು. ಅವತ್ತಿಂದ ನಾನು ಸಲೂನಿನ ಮುಂದೆ ಹಾದಾಗೆಲ್ಲ ಒಳಗಿಂದ ಒಂದು ಕೂಗು ಬರೋದು: "ಎಣ್ಣೆ ಹಾಕ್ತಾ ಇರ್ಲಾ, ನುಣ್ಣಗೆ ಬತ್ತದೆ!"

ಕಪ್ಪು ಬಟ್ಟೆ

ರೇಷ್ಮೆ ಮೊಟ್ಟೆ ಒಡೆಸೋದಕ್ಕೆ ಒಂದು ಉಪಾಯ ಇದೆ. ಮೊಟ್ಟೆ ಒಡೆಯೋ ಕಾಲಕ್ಕೆ ಅದನ್ನ ಕಪ್ಪು ಬಟ್ಟೆಯಲ್ಲಿ ಮುಚ್ಚಿ ಕತ್ತಲಲ್ಲಿ ಇಡೋದು. ಆಮೇಲೆ ಒಂದು ಬೆಳಿಗ್ಗೆ ಬಟ್ಟೆ ತೆಗೆದು ಬೆಳಕಿಗೆ ಹಿಡಿಯೋದು. ಬೆಳಕು ಬಿದ್ದಿದ್ದೇ ತಡ, ಎಲ್ಲ ಮರಿಗಳೂ ಒಟ್ಟಿಗೆ ಆಚೆ ಬರ್ತವೆ, ಶಾಲೆ ಬೆಲ್ ಹೊಡೆದ ಹಾಗೆ. ನಾನು ಗೋಸುಂಬೆಗೂ ಅದನ್ನೇ ಮಾಡಿದೆ. ಯಾಕೆ ಮಾಡಬಾರದು? ಮೊಟ್ಟೆ ಅಂದಮೇಲೆ ಮೊಟ್ಟೆ.

ಚಾಕಿ ರೂಮಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಬೇಸಿನ್, ಅದರಲ್ಲಿ ಒದ್ದೆ ಮರಳು, ಮರಳಲ್ಲಿ ಮೊಟ್ಟೆ, ಪಕ್ಕದಲ್ಲಿ ಥರ್ಮಾಮೀಟರ್, ಸುತ್ತ ಒದ್ದೆ ಗೋಣಿಚೀಲ. ಅವ್ವ ಇಣುಕಿ ನೋಡಿ, "ನಿಮ್ಮಪ್ಪಂಗೆ ಚಳಿಜ್ವರ ಬಂದಾಗ ಸಿಗ್ದೆ ಇದ್ದ ಥರ್ಮಾಮೀಟ್ರು ಈಗ ಗೋಸುಂಬೆಗೆ ಸಿಕ್ತು ನೋಡು" ಅಂದಳು.

ರೇಷ್ಮೆ ಮೊಟ್ಟೆಗೆ ಎಷ್ಟು ದಿನ ಬೇಕೋ ಅಷ್ಟು ಕಾದು, ಮೊಟ್ಟೆ ದೊಡ್ಡದು ಅಂತ ಇನ್ನೊಂದಷ್ಟು ದಿನ ಸೇರಿಸಿ, ಕಪ್ಪು ಬಟ್ಟೆ ಹೊದಿಸಿದೆ. ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಗಟ್ಟಿಯಾಗಿ ಹೇಳಿದೆ: "ಇವತ್ತು ಮರಿ ಆಚೆ ಬತ್ತವೆ. ನೋಡೋ ಭಾಗ್ಯ ಇದ್ದೋರು ಬನ್ರಪ್ಪಾ!" ಜನ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ನಮ್ಮನೆಗೆ ಬಂದರು. ಸಲೂನಿನ ಅಣ್ಣ ಕತ್ತಿ, ಬ್ರಶ್ಶು, ಸೋಪು ಎಲ್ಲ ಚೀಲದಲ್ಲಿ ಹಾಕಿಕೊಂಡು ಬಂದು ಜಗಲಿ ಮೇಲೆ ಕೂತ. ಯುಗಾದಿ ಎಷ್ಟೋ ದೂರ ಇದೆ ಅಂದರೆ, "ಇರ್ಲಿ ಬುಡು, ದಾರೀಲಿ ಸಿಕ್ಕಿತ್ತು, ತಂದೆ" ಅಂದ.

ನಾನು ಬೇಸಿನ್ ಅಂಗಳಕ್ಕೆ ತಂದಿಟ್ಟು, ಮಂತ್ರಿಗಳು ಉದ್ಘಾಟನೆ ಕಲ್ಲಿನ ಮೇಲಿನ ಪರದೆ ಎಳೆಯೋ ಹಾಗೆ ಕಪ್ಪು ಬಟ್ಟೆ ಎಳೆದೆ. ಒಬ್ಬಿಬ್ಬರು ಅಭ್ಯಾಸಬಲದಿಂದ ಚಪ್ಪಾಳೆಯನ್ನೂ ತಟ್ಟಿದರು.

ಏನೂ ಇಲ್ಲ. ಮರಳು.

"ಬೆಳಕು ಬೀಳ್ಲಿ" ಅಂದೆ. ಬೆಳಕು ಬಿತ್ತು. ಆಮೇಲೆ ಬಿಸಿಲೂ ಬಿತ್ತು. ಅವ್ವ ಬೈಕೊಂಡೇ ಎಲ್ಲರಿಗೂ ಟೀ ಕೊಟ್ಟಳು. ಟೀ ಮುಗೀತು. ಮೊಟ್ಟೆ ಅಲ್ಲಾಡಲಿಲ್ಲ.

ಪಕ್ಕದ ಮನೆಯ ತಾತ ಕುರಿ ಮೇಯಿಸೋನು. ಅವನ ಕುರಿಗಳೂ ಬೇಲಿ ಆಚೆ ನಿಂತು ನೋಡ್ತಾ ಇದ್ದವು. ತಾತ ಕೋಲೂರಿ ಬಗ್ಗಿ, ಬೇಸಿನ್ನನ್ನ ಬಹಳ ಹೊತ್ತು ನೋಡಿ, ನಿಧಾನಕ್ಕೆ ಎದ್ದು ನಿಂತ.

"ರೇಷ್ಮೆ ಹುಳ ಪಾಪದ್ದು ಕಣ್ಲಾ ಮಗ, ಬೆಳಕು ಕಂಡ್ರೆ ಬಂದ್ಬುಡ್ತದೆ. ಗೋಸುಂಬೆ ಹಂಗಲ್ಲ. ಒಳಗೇ ಕೂತು ಒಂದು ಕಣ್ಣಲ್ಲಿ ನಿನ್ನ ನೋಡ್ತದೆ, ಇನ್ನೊಂದು ಕಣ್ಣಲ್ಲಿ ನಿಮ್ಮವ್ವನ್ನ ನೋಡ್ತದೆ. ಆಮೇಲೆ, ಇನ್ನೊಸಿ ದಿನ ಇಲ್ಲೇ ಇರೋದೇ ವಾಸಿ ಅಂತ ಮಕ್ಕಂಡ್ಬುಡ್ತದೆ."

ಚಿರತೆಗೆ ಹೆದರದ ಗಾರ್ಡು

ಗೋಸುಂಬೆ ಕಾಡುಪ್ರಾಣಿ, ಮನೆಯಲ್ಲಿ ಸಾಕಿದರೆ ಕೇಸಾಗುತ್ತೆ ಅಂತ ಡೈರಿಯಲ್ಲಿ ಯಾರೋ ಹೆದರಿಸಿದರು. ನಾನು ಹೆದರೋನಲ್ಲ. ಆದರೆ ಅವ್ವ ಹೆದರ್ತಾಳಲ್ಲ ಅಂತ, ನಾನೇ ಸಾವನದುರ್ಗದ ಕಡೆ ಡ್ಯೂಟಿ ಮಾಡೋ ಒಬ್ಬ ಫಾರೆಸ್ಟ್ ಗಾರ್ಡಿಗೆ ವಿಷಯ ಹೇಳಿದೆ. ಅವರು ಬೈಕಿನಲ್ಲಿ ಬಂದರು. ಆರಡಿ ಆಳು, ಬೂಟು, ಲಾಠಿ.

"ಮೊಟ್ಟೆ ಈಗ ಅಲ್ಲಾಡಿಸಿದ್ರೆ ಸತ್ತೋಗ್ತವೆ, ಇರ್ಲಿ. ಮರಿ ಆಗಿ, ತಾವೇ ತಿನ್ನೋಕೆ ಕಲಿತ ತಕ್ಷಣ ಸಿಕ್ಕಿದ ಬೇಲಿಗೇ ಬಿಡಬೇಕು. ಒಂದನ್ನೂ ಇಟ್ಕೊಳ್ಳಂಗಿಲ್ಲ. ಬಿಡೋವಾಗ ನಾನೇ ಬಂದು ನಿಂತ್ಕೋತೀನಿ" ಅಂದರು.

"ಆಯ್ತು ಸಾರ್. ಒಳಗೆ ಬಂದು ಒಂದ್ಸಲ ನೋಡಿ."

"ಪರವಾಗಿಲ್ಲ, ಇಲ್ಲಿಂದಲೇ ಕಾಣ್ತದೆ" ಅಂದರು. ಅವರು ನಿಂತಿದ್ದು ಬೀದಿಯಲ್ಲಿ. ಮಧ್ಯೆ ಎರಡು ಗೋಡೆ.

ಅವ್ವ ಮಜ್ಜಿಗೆ ಕೊಟ್ಟು ಒಸಿ ಕೆದಕಿದಳು. ಆಗ ಬಾಯಿಬಿಟ್ಟರು. "ಚಿರತೆ ಬೋನಿಗೆ ಹಾಕಿದೀನಮ್ಮ. ಕರಡಿ ಎದುರಿಗೆ ಬಂದಾಗ ಒಬ್ಬನೇ ನಿಂತಿದೀನಿ. ಆನೆ ಓಡಿಸಿದೀನಿ. ಅವೆಲ್ಲ ನಮ್ಮನ್ನ ಕಂಡ್ರೆ ಒಂದೋ ಓಡ್ತವೆ, ಇಲ್ಲ ಮೇಲೆ ಬೀಳ್ತವೆ. ಗೋಸುಂಬೆ ಎರಡೂ ಮಾಡಲ್ಲ. ಅಲ್ಲೇ ನಿಂತು, ಬರ್ಲೋ ಬೇಡ್ವೋ ಅಂತ ತೂಗಾಡ್ತಾ ಇರ್ತದೆ. ಅದನ್ನ ಎಷ್ಟೊತ್ತಮ್ಮ ತಡ್ಕೊಳ್ಳೋದು?"

ಮಾರ್ಕೆಟ್ಟಿಗೆ ಬಂದ ಫೋನು

ಶಿವರಾತ್ರಿ ಕಳೀತು. ಮೊಟ್ಟೆ ಹಾಗೇ. ನಾನು ಮಾತ್ರ ಮೀಸೆಗೆ ಎಣ್ಣೆ ಹಾಕುವಾಗೆಲ್ಲ ಯುಗಾದಿಗೆ ಇನ್ನೆಷ್ಟು ದಿನ ಅಂತ ಎಣಿಸ್ತಾ ಇದ್ದೆ. ಆ ಬೆಳೆಯ ರೇಷ್ಮೆ ಗೂಡು ಬಿಡಿಸಿದ್ದಾಗಿತ್ತು. ಚೀಲ ತುಂಬಿಸಿಕೊಂಡು ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದೆ.

ಅಲ್ಲಿಯ ಗದ್ದಲ ಗೊತ್ತಲ್ಲ. ಗೂಡು ಸುರಿದು ನಿಂತಿದ್ದೀನಿ, ನೂಲು ತೆಗೆಯೋ ರೀಲರುಗಳು ಬಂದು ಗೂಡಿನ ರಾಶಿಗೆ ಕೈ ಹಾಕಿ ಹಿಚುಕಿ ನೋಡ್ತಾ ಇದ್ದಾರೆ. ನಮ್ಮ ಗೂಡನ್ನ ಮೊದಲಿಂದ ಕೊಳ್ಳೋ ಸಾಬರೊಬ್ಬರು ಹೊಗಳ್ತಾ ಇದ್ದಾರೆ, ನಾನು ಇನ್ನೂ ಹೊಗಳಲಿ ಅಂತ ಕಾಯ್ತಾ ಇದ್ದೀನಿ, ಅಷ್ಟರಲ್ಲಿ ಫೋನ್. ಅವ್ವ. ಏನೂ ಕೇಳಿಸಲ್ಲ ಅಂತ ಸ್ಪೀಕರಿಗೆ ಹಾಕಿದೆ.

"ಲೇ, ಎಲ್ಲಿದೀಯಾ? ನಿನ್ನ ಮಕ್ಕಳು ಹುಟ್ಟವೆ ಕಣ್ಲಾ!"

ನಾನು ನಿಂತ ಕಡೆಯೇ ಕುಣಿದೆ. "ಎಷ್ಟವ್ವಾ?"

"ಹನ್ನೊಂದಾದ್ವು. ಇನ್ನೂ ಬತ್ತಾನೇ ಅವೆ!"

ಅಕ್ಕಪಕ್ಕದ ಗದ್ದಲ ನಿಂತಿತು. ಸಾಬರು ಗೂಡಿನಿಂದ ಕೈ ತೆಗೆದರು.

"ಬೇಗ ಬಾರ್ಲಾ, ಎಲ್ಲಾ ನನ್ನ ಸೆರಗು ಹತ್ತವೆ!"

"ಒಸಿ ನೀರು ಚಿಮುಕ್ಸವ್ವಾ, ಬಂದೆ!"

ಫೋನ್ ಇಟ್ಟು ಮೀಸೆ ತಿರುವಿದೆ. ಸಾಬರು ನನ್ನ ಕೈ ಹಿಡಿದು ಕುಲುಕಿದರು. "ಮುಬಾರಕ್ ಭಾಯ್! ಲೇಕಿನ್ ಹೋದ ಸಲ ಶಾದಿ ಆಗಿಲ್ಲ ಅಂದಿದ್ರಲ್ಲ?"

"ಈಗಲೂ ಆಗಿಲ್ಲ ಸಾಬ್ರೇ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಪಕ್ಕದ ರಾಶಿಯ ಹತ್ತಿರ ಬಿಳಿ ಶರ್ಟಿನ ಹಿರಿಯರೊಬ್ಬರು ನಿಂತಿದ್ದರು, ಅವರೂ ಗೂಡು ಮಾರೋಕೆ ಬಂದೋರು. ಸಾಬರು ಹೊಗಳುವಾಗ ನಮ್ಮೂರಿನ ಹೆಸರು ಕೇಳಿ ನನ್ನ ಕಡೆ ತಿರುಗಿದ್ದರು. ಈಗ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ತಾಯಿ ಎಲ್ಲವ್ಳಪ್ಪಾ?"

ನಾನು ಈ ಮೊಟ್ಟೆ ಸುದ್ದಿಯನ್ನ ಎಷ್ಟು ಜನರಿಗೆ ಕೊಚ್ಚಿಕೊಂಡಿದ್ದೆ ಅಂದರೆ, ಇಡೀ ಜಿಲ್ಲೆಗೇ ಗೊತ್ತಿರುತ್ತೆ ಅಂತಲೇ ನನ್ನ ಲೆಕ್ಕ. "ಅವಳಾ? ದೀಪಾವಳಿ ಟೈಮಲ್ಲಿ ನಮ್ಮ ಬೇಲಿ ಹತ್ರ ಬುಟ್ಟು ಹೋದೋಳು ತಿರುಗಿ ನೋಡ್ಲಿಲ್ಲ ಯಜಮಾನ್ರೇ. ಎಲ್ಲ ನಾನೇ ನೋಡ್ಕಂಡಿದ್ದು" ಅಂದೆ.

"ಇಷ್ಟೊಂದನ್ನ ಹೆಂಗಪ್ಪಾ ಸಾಕ್ತೀಯಾ?"

"ಸಾಕೋದೆಲ್ಲಿ ಬಂತು? ಒಸಿ ದೊಡ್ಡವಾದ್ಮೇಲೆ ಅದೇ ಬೇಲಿಗೆ ಬುಟ್ಬುಡ್ತೀನಿ."

ಸಂತೋಷಕ್ಕೆ ಸುತ್ತ ಇದ್ದೋರಿಗೆಲ್ಲ ಬಾದಾಮಿ ಹಾಲು ತರಿಸಿ ಕೊಟ್ಟೆ. ಎಲ್ಲರೂ ಕುಡಿದರು. ಆ ಬಿಳಿ ಶರ್ಟಿನವರು ಮಾತ್ರ ಲೋಟ ಮುಟ್ಟಲಿಲ್ಲ, ನನ್ನನ್ನೇ ನೋಡ್ತಾ ನಿಂತಿದ್ದರು. ಶುಗರ್ ಇರಬೇಕು ಪಾಪ ಅಂದುಕೊಂಡೆ.

ನಿನ್ನ ಮಕ್ಕಳು, ನನ್ನ ಮಕ್ಕಳು

ಒಟ್ಟು ಹದಿನೇಳು ಮರಿ. ಒಂದೊಂದೂ ಬೀಡಿ ತುಂಡಿನಷ್ಟು. ನಡಿಗೆ ಮಾತ್ರ ಮದುವೆ ಮನೆಗೆ ಬಂದ ಯಜಮಾನರದು. ಒಂದು ಹೆಜ್ಜೆ ಎತ್ತಿ, ಇಡಲೋ ಬೇಡವೋ ಅಂತ ಹಿಂದಕ್ಕೂ ಮುಂದಕ್ಕೂ ಯೋಚನೆ ಮಾಡಿ, ಆಮೇಲೆ ಇಡೋದು. ಅವತ್ತೇ ಸಂಜೆ ಒಂದು ಮರಿಯನ್ನ ಕಡ್ಡಿ ಮೇಲೆ ಕೂರಿಸಿಕೊಂಡು ಸಲೂನಿಗೆ ಹೋದೆ.

ಸಲೂನಿನ ಅಣ್ಣ ಕನ್ನಡಕ ಹಾಕಿಕೊಂಡು ನೋಡಿದ. "ಇದು ನಿನ್ನ ಬೇಸಿನ್ನಲ್ಲೇ ಹುಟ್ಟಿದ್ದು ಅಂತ ಏನ್ಲಾ ಗ್ಯಾರಂಟಿ?" ಅಂದ. ಅಷ್ಟು ಹೊತ್ತಿಗೆ ಮರಿ ಕತ್ತು ಎತ್ತಿ, ಎದೆ ಉಬ್ಬಿಸಿ, ಇದ್ದಷ್ಟು ಮೈಯನ್ನ ಎರಡರಷ್ಟು ಮಾಡಿಕೊಂಡು ಅವನನ್ನೇ ಗುರಾಯಿಸಿತು. ಅಣ್ಣ ನಿಟ್ಟುಸಿರು ಬಿಟ್ಟು ಕತ್ತಿ ಮಡಿಸಿಟ್ಟ. "ಅನುಮಾನವೇ ಇಲ್ಲ ಬುಡು. ನಿಂದೇ."

ಮರಿಗಳನ್ನ ಅಂಗಳದ ದಾಸವಾಳದ ಗಿಡಕ್ಕೆ ಸೊಳ್ಳೆಪರದೆ ಕಟ್ಟಿ ಬಿಟ್ಟೆ. ತಿನ್ನೋಕೆ ಸಣ್ಣ ನೊಣ ಬೇಕು. ಕೊಳೆತ ಬಾಳೆಹಣ್ಣು ಇಟ್ಟರೆ ನೊಣ ತಾನೇ ಬರುತ್ತೆ ಅನ್ನೋದು ನನ್ನ ಐಡಿಯಾ. ಬಂತು. ನಮ್ಮ ಅಂಗಳಕ್ಕೆ ಬಂತು, ಅಡಿಗೆ ಮನೆಗೆ ಬಂತು, ಅಪ್ಪನ ಕಾಫಿ ಲೋಟಕ್ಕೆ ಬಂತು. ನಮ್ಮಪ್ಪ ಆ ತಿಂಗಳಲ್ಲಿ ಆಡಿದ್ದು ಒಂದೇ ಮಾತು: "ಅವುಕ್ಕೆ ಹಾಕಿ ಮಿಕ್ಕಿದ್ದು ನಂಗಾ?"

ಅವ್ವ ಮೊದಮೊದಲು ಮೂಗು ಮುರಿದಳು. ಆದರೆ ಸಾಕೋ ಕೈ ಸುಮ್ಮನಿರಲ್ಲ. ಒಂದು ದಿನ ಮರಿಗಳೆಲ್ಲ ತಿನ್ನೋದು ಬಿಟ್ಟು, ಮಂಕಾಗಿ, ಕಡ್ಡಿ ಹಿಡಿದು ಕೂತುಬಿಟ್ಟವು. ನಾನು ಹೆದರಿ ಅವ್ವನನ್ನ ಕೂಗಿದೆ. ಅವ್ವ ಬಂದು ಒಂದೇ ಸಲ ನೋಡಿ ಹೇಳಿದಳು: "ಜ್ವರಕ್ಕೆ ಕೂತವೆ ಕಣ್ಲಾ." ರೇಷ್ಮೆ ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂರುತ್ತಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನೋದು. ಒಟ್ಟು ನಾಲ್ಕು ಸಲ. ನಾಲ್ಕನೇ ಜ್ವರ ಎದ್ದಾಗ ಹುಳದ ಮುಖ ಹೊಸದಾಗಿ, ಬೆಳ್ಳಗೆ, ಇಷ್ಟು ದಪ್ಪ ಆಗಿರುತ್ತೆ. ಎದ್ದ ಕೂಡಲೇ ಸೊಪ್ಪು ಹಾಕಬೇಕು. ಅವ್ವ ಹೇಳಿದ ಹಾಗೇ ಗೋಸುಂಬೆ ಮರಿಗಳೂ ಮಾರನೇ ದಿನ ತೆಳ್ಳನೆ ಬಿಳಿ ಪೊರೆ ಬಿಟ್ಟು ಎದ್ದವು. ಅವ್ವ ತಾನೇ ಬಾಳೆಹಣ್ಣು ಕೊಳೆಸೋಕೆ ಇಟ್ಟಳು.

ಈ ಪ್ರೀತಿ ಹೊಸ ಬೆಳೆಗೆ ಚಾಕಿ ಕಟ್ಟೋವರೆಗೆ. ಚಾಕಿ ಅಂದರೆ ಈಗಷ್ಟೇ ಹುಟ್ಟಿದ ರೇಷ್ಮೆ ಮರಿ ಹುಳ. ಒಂದು ಮಧ್ಯಾಹ್ನ ಚಾಕಿ ರೂಮಿನಿಂದ ಅವ್ವ ಕಿರುಚಿದ್ದು ಕೇಳಿ ಓಡಿದೆ. ಪರದೆಯ ತೂತಿನಿಂದ ತಪ್ಪಿಸಿಕೊಂಡ ಎರಡು ಗೋಸುಂಬೆ ಮರಿ ಚಾಕಿ ತಟ್ಟೆಯ ಅಂಚಿನಲ್ಲಿ ಪಂಕ್ತಿಗೆ ಕೂತ ಹಾಗೆ ಕೂತಿವೆ. ನಾಲಿಗೆ ಆಚೆ, ನಾಲಿಗೆ ಒಳಗೆ. ಆಚೆ, ಒಳಗೆ. ಮುಖದಲ್ಲಿ ಬೀಗರೂಟದ ತೃಪ್ತಿ.

ಅವ್ವ ಎರಡೂ ಕೈಯಲ್ಲಿ ತಟ್ಟೆ ಅಪ್ಪಿಕೊಂಡು ನನ್ನ ಕಡೆ ತಿರುಗಿದಳು. "ಈಗ್ಲೇ ತೀರ್ಮಾನ ಆಗ್ಬೇಕು! ನಿನ್ನ ಮಕ್ಕಳು ನನ್ನ ಮಕ್ಕಳನ್ನ ತಿಂತಾ ಅವೆ!"

ತೀರ್ಮಾನ ಆಯ್ತು. ಹೇಗೂ ತಾವೇ ತಿನ್ನೋಕೆ ಕಲಿತಿದ್ದವು, ಅದೂ ಎಂಥ ಊಟ! ಗಾರ್ಡಿಗೆ ಫೋನ್ ಮಾಡಿದೆ, ಬಂದರು. ಹದಿನೇಳನ್ನೂ ತೋಟದ ಬೇಲಿಗೆ ಬಿಟ್ಟೆ. ಅವರು ಸಾಕ್ಷಿಗೆ ಪಕ್ಕದ ಹೊಲದ ಬದುವಿನ ಮೇಲೆ ನಿಂತು, "ಬಿಟ್ರಾ? ಎಲ್ಲಾ ಬಿಟ್ರಾ?" ಅಂತ ಕೂಗಿ ಕೇಳ್ತಾ ಇದ್ದರು.

ಬೇಲಿ

ಯುಗಾದಿ ಕಳೀತು. ಮೀಸೆ ಉಳೀತು. ಕನಕಪುರದವರು ಬರೋ ದಿನ ಗೊತ್ತಾಗಿತ್ತು. ಆದರೆ ಅವರು ಆ ದಿನಕ್ಕೆ ಬರಲಿಲ್ಲ. ಅದಕ್ಕೂ ಮುಂಚೆ, ಒಂದು ಬೆಳಿಗ್ಗೆ, ಹೇಳದೆ ಕೇಳದೆ ಬಂದಿಳಿದರು. ಬಂದಿದ್ದು ಎಂಥ ದಿನ ಅಂತೀರಿ? ನಮ್ಮ ಹುಳ ಹಣ್ಣಾದ ದಿನ.

ಹುಳ ಹಣ್ಣಾಗೋದು ಅಂದರೆ ತಿಂದು ಮುಗಿಸಿ ಗೂಡು ಕಟ್ಟೋಕೆ ತಯಾರಾಗೋದು. ಆಗ ಹಣ್ಣಾದ ಹುಳವನ್ನ ಸೊಪ್ಪಿನ ಮಧ್ಯದಿಂದ ಒಂದೊಂದಾಗಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ಬಿದಿರಿನ ತಟ್ಟಿಗೆ ಬಿಡಬೇಕು. ಒಸಿ ತಡವಾದರೆ ಹುಳ ಸಿಕ್ಕಿದ ಕಡೆ ನೂಲು ಬಿಟ್ಟು ಬೆಳೆ ಹಾಳು. ಅವತ್ತು ಮನೆಗೆ ಯಾರೇ ಬರಲಿ, ನೆಂಟನಾಗಲಿ, ವೈರಿಯಾಗಲಿ, ಕೈ ಕೊಡಬೇಕು. ಇದು ನಮ್ಮ ಕಡೆಯ ಕಾನೂನು.

ಹುಡುಗಿ, ಹುಡುಗಿಯ ಅಮ್ಮ, ಹುಡುಗಿಯ ದೊಡ್ಡಪ್ಪ. ದೊಡ್ಡಪ್ಪನನ್ನ ಕಂಡು ನಾನು ಕೈಯಲ್ಲಿದ್ದ ತಟ್ಟೆ ಬಿಡೋದೊಂದು ಬಾಕಿ. ಮಾರ್ಕೆಟ್ಟಿನ ಬಿಳಿ ಶರ್ಟು!

ದೊಡ್ಡಪ್ಪ ನಾವು ಹುಳ ಸಾಕೋ ಹುಳು ಮನೆಯ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಅವ್ವನನ್ನ ಕೇಳಿದರು. "ಏನಮ್ಮಾ, ನಿಮ್ಮ ಮಗನಿಗೆ ಆಗ್ಲೇ ಹನ್ನೊಂದು ಮಕ್ಕಳಂತಲ್ಲ?"

ಅವ್ವ ಹುಳ ಆರಿಸ್ತಾನೇ ತಲೆ ಎತ್ತದೆ ಹೇಳಿದಳು. "ಇಲ್ಲ ಕಣಣ್ಣ. ಆಮೇಲೆ ಇನ್ನೂ ಆರು ಆದ್ವು."

ಹುಡುಗಿಯ ಅಮ್ಮ ಗೋಡೆ ಹಿಡಕೊಂಡರು. ನಾನು ಮಧ್ಯೆ ಹಾರಿ, "ಗೋಸುಂಬೆ! ಗೋಸುಂಬೆ ಮರಿ!" ಅಂತ ಅರಚಿದೆ. ದೊಡ್ಡಪ್ಪ ಒಪ್ಪಲಿಲ್ಲ. "ಮೂವತ್ತು ವರ್ಷದಿಂದ ಗೂಡು ಮಾರ್ತಾ ಇದೀನಿ, ಬೇಕಾದಷ್ಟು ಸುಳ್ಳು ಕೇಳಿದೀನಿ. ಗೋಸುಂಬೆನಾ ಯಾರಾದ್ರೂ ಹೆರಿಗೆ ಮಾಡಿಸ್ತಾರಾ? ಬೇಲಿ ಹತ್ರ ಬಿಟ್ಟೋದ್ಳು ಅಂತ ನಿನ್ನ ಬಾಯಲ್ಲೇ ಕೇಳಿದೀನಿ. ನಮ್ಮ ಹುಡುಗಿ ಬಾಳು..."

"ಅಣ್ಣಾ" ಅಂದಳು ಅವ್ವ, "ಬಯ್ಯಿ, ಬ್ಯಾಡ ಅನ್ನಲ್ಲ. ಆದ್ರೆ ಹುಳ ಹಣ್ಣಾಗೈತೆ. ಕಾಲು ಬ್ಲೀಚಿಂಗ್ ಪೌಡ್ರಿಗೆ ಇಕ್ಕಿ ಒಳೀಕೆ ಬಂದು, ಆರಿಸ್ಕಂಡೇ ಬಯ್ಯಿ."

ರೇಷ್ಮೆ ಸಾಕೋ ಮನೆಯವರು, ಇದಕ್ಕೆ ಎದುರು ಹೇಳೋಕಾಗುತ್ತಾ? ದೊಡ್ಡಪ್ಪ, ಹುಳಕ್ಕೆ ರೋಗ ಅಂಟದಿರಲಿ ಅಂತ ಬಾಗಿಲಲ್ಲಿ ಹಾಕಿರೋ ಪೌಡರಿನಲ್ಲಿ ಕಾಲದ್ದಿ, ಶರ್ಟಿನ ತೋಳು ಮಡಿಸಿ, ಹುಳ ಆರಿಸ್ತಾ ನನ್ನ ಮಾನ ಕಳೆದರು. ಹುಡುಗಿಯ ಅಮ್ಮನೂ ಕೂತರು. ಹುಡುಗಿಗೆ ಯಾರೂ ಹೇಳಲೇ ಇಲ್ಲ, ಆಗಲೇ ತಟ್ಟೆ ಎಳೆದುಕೊಂಡಿದ್ದಳು. ಹಣ್ಣಾದ ಹುಳ ಯಾವುದು, ಇನ್ನೂ ತಿನ್ನೋ ಹುಳ ಯಾವುದು ಅಂತ ನಾನೇ ಎರಡು ಸಲ ನೋಡ್ತೀನಿ. ಅವಳು ನೋಡೋದೇ ಇಲ್ಲ, ಕೈ ಹೋಗುತ್ತೆ, ಹುಳ ಬರುತ್ತೆ. ಅವ್ವ ನನ್ನ ಪಕ್ಕೆಗೆ ತಿವಿದಳು. "ಕೈ ನೋಡ್ಲಾ, ಕೈ! ಮುಖ ಆಮೇಲೆ ನೋಡ್ಕಂಡೀಯ."

ಹುಳವೆಲ್ಲ ಚಂದ್ರಿಕೆ ಹತ್ತಿದ ಮೇಲೆ ದೊಡ್ಡಪ್ಪ ಕೈ ತೊಳೆದುಕೊಂಡರು. "ಈಗ ತೋರ್ಸು ನಿನ್ನ ಮಕ್ಕಳನ್ನ."

ಎಲ್ಲರೂ ತೋಟದ ಬೇಲಿಗೆ ಹೋದೆವು. ದಾರಿಯಲ್ಲಿ ಕುರಿ ತಾತ ಸೇರಿಕೊಂಡ, ಸಲೂನಿನ ಅಣ್ಣ ಅಂಗಡಿ ಬಾಗಿಲು ಎಳೆದುಕೊಂಡು ಬಂದ. ನಾನು ಧೈರ್ಯವಾಗಿ ಬೇಲಿ ಮುಂದೆ ನಿಂತು ಕೈ ತೋರಿಸಿದೆ. ಆಗ ಹೊಳೀತು. ತೋರಿಸೋದು ಏನನ್ನ? ಗೋಸುಂಬೆ ಅಂದರೇನೇ ಕಾಣದೇ ಇರೋದು! ಹಸಿರೆಲೆಯಲ್ಲಿ ಹಸಿರು, ಒಣಗಿದ ಕಡ್ಡಿಯಲ್ಲಿ ಒಣಕಲು. ಆ ಬೇಲಿಯಲ್ಲಿ ಹದಿನೇಳು ಇದ್ದರೂ ಒಂದೇ, ನೂರು ಇದ್ದರೂ ಒಂದೇ. ನಾನು ಬಗ್ಗಿ ನೋಡಿದೆ, ಕೂತು ನೋಡಿದೆ, ಮುಳ್ಳಿನೊಳಗೆ ತಲೆ ಹಾಕಿ ನೋಡಿದೆ. ಮೀಸೆಗೆ ಮುಳ್ಳು ಸಿಕ್ಕಿಕೊಂಡಿತು.

"ಅಣ್ಣಾ, ನೀನಾದ್ರೂ ಹೇಳು. ಮರಿ ತಂದು ತೋರಿಸಿದ್ನಲ್ಲ?" ಅಂತ ಸಲೂನಿನ ಅಣ್ಣನ ಕಡೆ ತಿರುಗಿದೆ.

ಪಣ ಸೋತ ಹೊಟ್ಟೆಯುರಿ ಎಲ್ಲಿ ಹೋಗುತ್ತೆ? ಆಕಾಶ ನೋಡಿದ. "ಕಡ್ಡಿ ಮೇಲೆ ಏನೋ ತಂದಿದ್ದಪ್ಪ. ನಂಗೆ ಕನ್ನಡಕ ಇದ್ರೂ ಒಸಿ ಮಂಜು ಮಂಜು."

ಕುರಿ ತಾತ, "ಹೊತ್ತು ಬುಡಿ, ಅವೂ ನಮ್ಮನ್ನ ನೋಡಿ ತೀರ್ಮಾನ ಮಾಡ್ಬೇಕಲ್ಲ" ಅಂದ. ದೊಡ್ಡಪ್ಪ ತಾವೇ ಬೇಲಿಗೆ ಒರಗಿ, ಕೊಂಬೆ ಸರಿಸಿ ಒಳಗೆಲ್ಲ ಹುಡುಕಿ, ಕೊನೆಗೆ ಹೆಗಲ ಮೇಲಿನ ಹಸಿರು ಟವಲ್ ಕೊಡವೋಕೆ ಕೈ ಎತ್ತಿದರು. "ನಡೀರಮ್ಮಾ ಹೋಗಣ. ಕಾಣದೇ ಇರೋ ಮಕ್ಕಳಿಗೆ ಅಪ್ಪ ಅಂತೆ ಇವನು!"

ನನ್ನ ಮದುವೆ ಬಸ್ ಹತ್ತಿ ಕನಕಪುರಕ್ಕೆ ಹೊರಟೇಬಿಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಅಲ್ಲಿವರೆಗೂ ಬಾಯಿ ಬಿಡದ ಹುಡುಗಿ ಮಾತಾಡಿದಳು.

"ದೊಡ್ಡಪ್ಪಾ, ಕೈ ಇಳಿಸಿ. ಅಲ್ಲಾಡಬೇಡಿ."

"ಯಾಕಮ್ಮಾ?"

"ನಿಮ್ಮ ಟವಲ್ ಮೇಲೆ ಒಂದು ಮೊಮ್ಮಗು ಕೂತೈತೆ."

ಸೊಪ್ಪಿನ ಮಧ್ಯೆ ಹಣ್ಣು ಹುಳ ಆರಿಸೋ ಕಣ್ಣಲ್ಲವಾ! ಹಸಿರು ಟವಲಿನ ಮೇಲೆ ಹಸಿರು ಮರಿ, ಒಂದು ಕಾಲು ಎತ್ತಿಕೊಂಡು, ದೊಡ್ಡಪ್ಪನ ಕಿವಿಗೆ ಹತ್ತಲೋ ಬೇಡವೋ ಅಂತ ಯೋಚನೆ ಮಾಡ್ತಾ ಇತ್ತು. ದೊಡ್ಡಪ್ಪ ಜ್ವರಕ್ಕೆ ಕೂತ ಹುಳದ ಹಾಗೆ ಕತ್ತು ಎತ್ತಿಕೊಂಡು ಕಲ್ಲಾದರು. ತುಟಿ ಅಲ್ಲಾಡಿಸದೆ, "ನಂಬಿದೆ. ನಂಬಿದೆ. ತೆಗೀರಪ್ಪಾ" ಅಂದರು. ಹುಡುಗಿ ನಗ್ತಾ ಬಂದು ಕಡ್ಡಿ ಹಿಡಿದು ಮರಿಯನ್ನ ಹತ್ತಿಸಿಕೊಂಡು, ಬೇಲಿಗೆ ಬಿಟ್ಟು, "ಅಲ್ಲೊಂದೈತೆ. ಇಲ್ಲಿ ಎರಡು. ಆ ಹಳದಿ ಎಲೆ ಕೆಳಗೆ ಇನ್ನೊಂದು" ಅಂತ ತೋರಿಸ್ತಾನೇ ಹೋದಳು. ನಾನು ತಿಂಗಳುಗಟ್ಟಲೆ ಕಾದು ಸಾಕಿದ ಮರಿಗಳನ್ನ ನನಗೇ ಪರಿಚಯ ಮಾಡಿಕೊಟ್ಟಳು.

ಊಟ ಆಯ್ತು. ಹಿರಿಯರು, "ನೀವಿಬ್ರೂ ಒಸಿ ಮಾತಾಡ್ಕಳಿ" ಅಂತ ನಮ್ಮನ್ನ ಜಗಲಿಗೆ ಬಿಟ್ಟು ಒಳಗೆ ಹೋದರು, ಬಾಗಿಲ ಹಿಂದೆ ನಿಂತುಕೊಂಡರು. ನಾನು ಎದೆ ಉಬ್ಬಿಸಿ ಕೂತೆ. ಅವಳೇ ಶುರು ಮಾಡಿದಳು.

"ಈ ಮರಿಗಳಿಗೋಸ್ಕರ ಮೀಸೆ ಪಣ ಕಟ್ಟಿದ್ರಂತೆ?"

"ಹೂಂ" ಅಂದೆ, ಎರಡು ತುದಿಯನ್ನೂ ತಿರುವಿ. "ಗೆದ್ದೆ."

ಅವಳು ಒಂದು ಕ್ಷಣ ಮೀಸೆ ನೋಡಿದಳು. ಆಮೇಲೆ ಬೇಲಿ ಕಡೆ ನೋಡಿದಳು. "ಛೆ" ಅಂದಳು. "ಸೋತಿದ್ರೆ ಚೆನ್ನಾಗಿರೋದು."

ಮಾರನೇ ಬೆಳಿಗ್ಗೆ ಸಲೂನಿನ ಬಾಗಿಲು ತೆಗೆಯೋ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ.

"ಗೆದ್ದೋನು ಯಾಕ್ಲಾ ಬಂದೆ?"

"ಬೇಸಿಗೆ ಕಣಣ್ಣ. ಸೆಕೆ."

ಅಣ್ಣ ಕುರ್ಚಿ ಒರೆಸಿ, ಕನ್ನಡಿಗೆ ಬೆನ್ನು ಮಾಡಿ ಕೂರಿಸಿದ. ಎಷ್ಟೋ ತಿಂಗಳಿಂದ ಮಸೆದಿದ್ದ ಕತ್ತಿ, ಒಂದೇ ಎಳೆತ. ತೆಗೆದ ಮೇಲೆ ಕನ್ನಡಿ ಕಡೆ ತಿರುಗೋಕೂ ಬಿಡದೆ, "ಮೊದ್ಲು ಮನೆಗೋಗು, ಕನ್ನಡಿ ಆಮೇಲೆ ನೋಡ್ಕೊ" ಅಂತ ಕಳಿಸಿದ.

ಅವ್ವ ಹುಳು ಮನೆ ಬಾಗಿಲಲ್ಲಿ ಮಿಕ್ಕ ಸೊಪ್ಪು ಗುಡಿಸ್ತಾ ಇದ್ದಳು. ತಲೆ ಎತ್ತಿ, "ಯಾರು ಬೇಕಾಗಿತ್ತಪ್ಪಾ?" ಅಂದಳು. ಪೊರಕೆ ಕೆಳಗಿಟ್ಟು ಹತ್ತಿರ ಬಂದಳು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ನೋಡಿದಳು. ಹೊಸ ಮುಖ. ಬೆಳ್ಳಗೆ. ದಪ್ಪಗೆ.

"ಓಹೋ, ನಾಲ್ಕನೇ ಜ್ವರ ಎದ್ದೀಯಾ" ಅಂದಳು. "ಸೊಪ್ಪು ಹಾಕ್ಲಾ?"